ಅಮೆರಿಕಕ್ಕೆ ಹೊರಟ ಮಕ್ಕಳಿಗೆ ಶಾಲೆ ಆರಿಸುವ ಬಗೆ: ಪುಣೆಯ ಕನ್ನಡ ಪಾಲಕರಿಗೆ

ಹಿಂಜವಡಿಯ ಕಂಪನಿಗಳಿಂದ ಎರಡು ಮೂರು ವರ್ಷಗಳ ಮಟ್ಟಿಗೆ ಅಮೆರಿಕಕ್ಕೆ ಹೊರಡುವ ಕನ್ನಡ ಕುಟುಂಬಗಳು ವಾಕಡ, ಬಾಣೇರ, ಪಿಂಪಳೆ ಸೌದಾಗರ ಭಾಗಗಳಲ್ಲಿ ಬಹಳ ಇವೆ. ಮೂವತ್ತು ವರ್ಷ ಪುಣೆಯಲ್ಲಿ ಶಿಕ್ಷಕಿಯಾಗಿದ್ದು ನಿವೃತ್ತಳಾದ ಮೇಲೆ, ಇಂಥ ಮನೆಗಳವರು ಭಾನುವಾರಗಳಂದು ಮಕ್ಕಳ ಕಾಗದಪತ್ರಗಳ ಫೈಲು ಹಿಡಿದು ನನ್ನಲ್ಲಿಗೆ ಬರುವುದು ರೂಢಿಯಾಗಿದೆ. ವೀಸಾ ಬಂದಿರುತ್ತದೆ, ಶಾಲೆ ಬಿಟ್ಟ ದಾಖಲೆಯಾದ ಎಲ್‌ಸಿಗೆ ಅರ್ಜಿ ಕೊಟ್ಟಾಗಿರುತ್ತದೆ, ಅವರು ಕೇಳುವ ಮಾತು ಮಾತ್ರ ಎಲ್ಲರದೂ ಒಂದೇ: “ಬಾಯಿಯವರೇ, ಅಲ್ಲಿ ಒಳ್ಳೆಯ ಶಾಲೆ ಯಾವುದು, ಅಡ್ಮಿಶನ್‌ಗೆ ಎಷ್ಟು ಖರ್ಚು?” ಈ ಪ್ರಶ್ನೆ ಹುಟ್ಟಿರುವುದು ಪುಣೆಯ ಅನುಭವದಿಂದ. ಇಲ್ಲಿ ಮನೆ ವಾಕಡದಲ್ಲಿದ್ದರೂ ಶಾಲೆ ಔಂಧದಲ್ಲಿರಬಹುದು. ಶುಲ್ಕ ಕಟ್ಟುವ ಶಕ್ತಿ ಮತ್ತು ಬಸ್ಸಿನ ದಾರಿ ಇವೆರಡೇ ಶಾಲೆಯನ್ನು ನಿರ್ಧರಿಸುತ್ತವೆ. ಅಮೆರಿಕದಲ್ಲಿ ಬಹುಪಾಲು ಮಕ್ಕಳ ಶಾಲೆ ನಿರ್ಧಾರವಾಗುವುದು ಮನೆಯ ವಿಳಾಸದಿಂದ, ಮತ್ತು ಆ ಶಾಲೆಗೆ ಶುಲ್ಕವಿಲ್ಲ. ಆದ್ದರಿಂದ ಅಲ್ಲಿ ಶಾಲೆಯ ಆಯ್ಕೆ ಶುರುವಾಗುವುದು ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲೇ.

ಈ ಬರಹದಲ್ಲಿ ಮನೆ ಹಿಡಿಯುವುದರಿಂದ ಹಿಡಿದು ದಾಖಲಾತಿಯ ಕಾಗದಗಳವರೆಗೆ ಏನು ಮಾಡಬೇಕೆಂಬುದನ್ನು ಹೇಳಿದ್ದೇನೆ. ನಡುವೆ ‘ಸ್ಕೂಲ್ ಚಾಯ್ಸ್’ ಎಂದು ಅಲ್ಲಿ ಕರೆಯುವ, ವಿಳಾಸದ ಶಾಲೆ ಬಿಟ್ಟು ಬೇರೆ ಶಾಲೆಯನ್ನು ಸರಕಾರದ ಹಣದಲ್ಲೇ ಪಾಲಕರು ಆರಿಸಬಹುದೇ ಎಂಬ ದೊಡ್ಡ ವಾದವನ್ನೂ ವಿವರಿಸಿದ್ದೇನೆ. ಅದನ್ನು ಬಿಟ್ಟರೆ ಚಾರ್ಟರ್, ವೌಚರ್ ಎಂಬ ಮಾತುಗಳು ಬರಿಯ ಹೆಸರುಗಳಾಗಿ ಉಳಿಯುತ್ತವೆ, ಅವುಗಳಲ್ಲಿ ಯಾವುದು ನಮ್ಮ ಮಗುವಿಗೆ ಏನು ಕೊಡುತ್ತದೆ, ಏನು ಕಿತ್ತುಕೊಳ್ಳುತ್ತದೆ ಎಂಬುದು ತಿಳಿಯುವುದಿಲ್ಲ.

ಮೊದಲು ವಿಳಾಸ

ಅಮೆರಿಕದಲ್ಲಿ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳಿವೆ. ನಮ್ಮ ಜಿಲ್ಲೆಗಳಿಗೂ ಇವುಗಳಿಗೂ ಸಂಬಂಧವಿಲ್ಲ. ಇವು ಶಾಲೆಗಳಿಗಾಗಿಯೇ ಇರುವ, ತಮ್ಮದೇ ಗಡಿ ಮತ್ತು ಸಾಮಾನ್ಯವಾಗಿ ಚುನಾಯಿತ ಮಂಡಳಿ ಇರುವ ಸ್ಥಳೀಯ ಆಡಳಿತಗಳು. ಹವಾಯಿ ರಾಜ್ಯಕ್ಕೆಲ್ಲ ಒಂದೇ ಡಿಸ್ಟ್ರಿಕ್ಟ್, ಟೆಕ್ಸಾಸಿನಲ್ಲಿ ಸಾವಿರಕ್ಕೂ ಹೆಚ್ಚು. ಊರಿನ ಗಡಿಗೂ ಡಿಸ್ಟ್ರಿಕ್ಟಿನ ಗಡಿಗೂ ತಾಳೆಯಾಗಬೇಕೆಂದಿಲ್ಲ, ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಡಾಲಸ್ ಬಳಿಯ ಅರ್ವಿಂಗ್ ಊರನ್ನೇ ನೋಡಿ: ಅಂಚೆ ವಿಳಾಸದಲ್ಲಿ ಅರ್ವಿಂಗ್ ಎಂದೇ ಇರುವ ಮನೆಗಳು ಅರ್ವಿಂಗ್, ಕಪೆಲ್, ಕ್ಯಾರಲ್ಟನ್–ಫಾರ್ಮರ್ಸ್ ಬ್ರಾಂಚ್ ಎಂಬ ಬೇರೆ ಬೇರೆ ಡಿಸ್ಟ್ರಿಕ್ಟ್‌ಗಳಲ್ಲಿ ಹಂಚಿಹೋಗಿವೆ. ಕ್ಯಾಲಿಫೋರ್ನಿಯದ ಕ್ಯುಪರ್ಟಿನೊದಲ್ಲಿ ಎಂಟನೆಯ ತರಗತಿಯವರೆಗೆ ಒಂದು ಡಿಸ್ಟ್ರಿಕ್ಟ್, ಹೈಸ್ಕೂಲಿಗೆ ಇನ್ನೊಂದು. ಅಲ್ಲದೆ ಪಕ್ಕದ ಸ್ಯಾನ್ ಹೊಸೆಯ ಕೆಲವು ಬಡಾವಣೆಗಳೂ ಕ್ಯುಪರ್ಟಿನೊ ಡಿಸ್ಟ್ರಿಕ್ಟಿಗೇ ಸೇರಿವೆ.

ಧಾರವಾಡ ಕಡೆಯ ಒಂದು ಕುಟುಂಬ, ಬಾಡಿಗೆ ಮನೆಯ ಏಜೆಂಟನೊಬ್ಬ ಫೋನಿನಲ್ಲಿ ಹೇಳಿದ ಮಾತನ್ನು ನಂಬಿ, ಇಲ್ಲಿಂದಲೇ ಒಂದು ವರ್ಷದ ಕರಾರು ಮಾಡಿತು. ಅಲ್ಲಿಗೆ ಹೋಗಿ ನೋಡಿದರೆ ಅವರು ಬಯಸಿದ ಶಾಲೆಯ ಗಡಿ ರಸ್ತೆಯ ನಡುವಿನ ಗೆರೆಗೇ ಮುಗಿದಿತ್ತು. ಎದುರು ಸಾಲಿನ ಮನೆಗಳ ಮಕ್ಕಳು ಆ ಶಾಲೆಗೆ ನಡೆದು ಹೋಗುತ್ತಿದ್ದರು, ಇವರ ಮಗಳು ಮಾತ್ರ ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗಬೇಕಾಯಿತು. ಆ ಶಾಲೆಯೂ ಚೆನ್ನಾಗಿಯೇ ಇತ್ತು, ಮಗು ಹೊಂದಿಕೊಂಡಿತು. ಆದರೆ ಎದುರು ಸಾಲಿನ ಮನೆಗೆಂದು ಕೊಡುವ ಬಾಡಿಗೆಯನ್ನೇ ಅವರು ಈ ಕಡೆಯ ಮನೆಗೂ ಕೊಟ್ಟಿದ್ದರು.

ಆದ್ದರಿಂದ ಹೀಗೆ ಮಾಡಿ. ಮನೆಯ ಪೂರ್ತಿ ವಿಳಾಸವನ್ನು, ಮನೆ ನಂಬರಿನ ಸಮೇತ, ಆ ಡಿಸ್ಟ್ರಿಕ್ಟಿನ ಸ್ವಂತ ಜಾಲತಾಣದಲ್ಲಿ ಹಾಕಿ ಯಾವ ಶಾಲೆ ಬರುತ್ತದೆಂದು ನೋಡಿ. ಮನೆ ಬಾಡಿಗೆಗೆ ಕೊಡುವ ಜಾಲತಾಣಗಳು ತೋರಿಸುವ ಶಾಲೆಯ ಹೆಸರನ್ನು ನಂಬಬೇಡಿ. ಬಳಿಕ ಆ ಶಾಲೆಯ ದಾಖಲಾತಿ ಕಚೇರಿಗೆ ಇಮೇಲ್ ಮಾಡಿ ಮೂರು ವಿಷಯ ಕೇಳಿ: ಈ ವಿಳಾಸ ನಿಮ್ಮ ಶಾಲೆಗೇ ಸೇರಿದೆಯೇ, ಬರುವ ವರ್ಷ ಗಡಿ ಬದಲಾಯಿಸುವ ಪ್ರಸ್ತಾಪವಿದೆಯೇ, ನಮ್ಮ ಮಗುವಿನ ತರಗತಿಯಲ್ಲಿ ಜಾಗವಿದೆಯೇ. ಮೂರನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಹೊಸ ಬಡಾವಣೆಗಳು ವೇಗವಾಗಿ ಬೆಳೆಯುವ ಕಡೆ ಶಾಲೆ ತುಂಬಿಹೋಗಿ, ತಡವಾಗಿ ಬಂದ ಮಕ್ಕಳನ್ನು ಅದೇ ಡಿಸ್ಟ್ರಿಕ್ಟಿನ ಬೇರೆ ಶಾಲೆಗೆ ಕಳಿಸುವುದುಂಟು. ಉತ್ತರ ಬರಹದಲ್ಲಿ ಬರಲಿ, ಕರಾರು ಆಮೇಲೆ.

ಹತ್ತರಲ್ಲಿ ಇಷ್ಟು ಅಂಕ ಎಂದು ಶಾಲೆಗಳಿಗೆ ಕೊಡುವ ರೇಟಿಂಗಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಅಮೆರಿಕದಲ್ಲಿ ಶಾಲೆಯ ಖರ್ಚಿನಲ್ಲಿ ಕೇಂದ್ರ ಸರಕಾರದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದರಷ್ಟು. ಉಳಿದದ್ದು ರಾಜ್ಯ ಮತ್ತು ಸ್ಥಳೀಯ ತೆರಿಗೆಗಳಿಂದ, ಅದರಲ್ಲೂ ಮನೆ ಜಮೀನುಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಬಡ ಡಿಸ್ಟ್ರಿಕ್ಟಿಗೂ ಶ್ರೀಮಂತ ಡಿಸ್ಟ್ರಿಕ್ಟಿಗೂ ಇದರಿಂದ ಉಂಟಾಗುವ ಅಂತರವನ್ನು ಪ್ರಶ್ನಿಸಿ ಸ್ಯಾನ್ ಆಂಟೋನಿಯೊದ ಪಾಲಕರು ಸುಪ್ರೀಂ ಕೋರ್ಟಿನವರೆಗೆ ಹೋದರು. 1973ರಲ್ಲಿ ಆ ಕೋರ್ಟು, ಶಿಕ್ಷಣವು ಅಮೆರಿಕದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲವೆಂದು ಹೇಳಿ ಅವರ ದಾವೆಯನ್ನು ತಳ್ಳಿಹಾಕಿತು. ಹೀಗಾಗಿ ದುಬಾರಿ ಮನೆಗಳಿರುವಲ್ಲಿ ಓದಿದ ಪಾಲಕರು, ಅವರ ಮಕ್ಕಳ ಹೆಚ್ಚಿನ ಅಂಕ, ಅದರಿಂದ ಮತ್ತೆ ದುಬಾರಿ ಮನೆ ಎಂಬ ಚಕ್ರ ತಿರುಗುತ್ತಲೇ ಇರುತ್ತದೆ. ಆ ರೇಟಿಂಗು ಶಿಕ್ಷಕರ ಶ್ರಮಕ್ಕಿಂತ ಹೆಚ್ಚಾಗಿ ಸುತ್ತಲಿನ ಮನೆಗಳ ಆದಾಯವನ್ನು ತೋರಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ರಾಜ್ಯದ ವರದಿಗಳಲ್ಲಿ, ಮಕ್ಕಳು ಒಂದು ವರ್ಷದಲ್ಲಿ ಎಷ್ಟು ಮುಂದೆ ಹೋದರು ಎಂಬುದನ್ನು ತೋರಿಸುವ ‘ಗ್ರೋತ್’ ಎಂಬ ಅಂಕಣವನ್ನು ನೋಡಿ. ಆರು ಅಂಕದ ಶಾಲೆಯಲ್ಲಿ ಬೆಳವಣಿಗೆ ಚೆನ್ನಾಗಿದ್ದರೆ, ಹತ್ತು ಅಂಕದ ಶಾಲೆಗಾಗಿ ಬಾಡಿಗೆಯಲ್ಲಿ ಬಸವಳಿಯುವ ಅಗತ್ಯವಿಲ್ಲ.

ಯಾರು ಯಾರನ್ನು ಆರಿಸುತ್ತಾರೆ

ವಿಳಾಸದ ಶಾಲೆ ಬೇಡವೆನ್ನುವವರಿಗೆ ಬೇರೆ ದಾರಿಗಳಿವೆ. ಪ್ರತಿಯೊಂದು ದಾರಿಯ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇಲ್ಲಿ ಆರಿಸುವವರು ನಾವೋ, ಶಾಲೆಯೋ? ಈ ಪ್ರಶ್ನೆ ಇಲ್ಲದೆ ‘ಆಯ್ಕೆ’ ಎಂಬ ಮಾತಿಗೆ ಅರ್ಥವಿಲ್ಲ.

ವಿಳಾಸದ ಸಾರ್ವಜನಿಕ, ಅಂದರೆ ಸರಕಾರಿ, ಶಾಲೆಗೆ ಆರಿಸುವ ಅಧಿಕಾರವಿಲ್ಲ. ಜನವರಿಯ ನಡುವೆ ಹೋಗಿ ನಿಂತರೂ ಡಿಸ್ಟ್ರಿಕ್ಟು ಮಗುವನ್ನು ಸೇರಿಸಿಕೊಳ್ಳಲೇಬೇಕು. ವಲಸೆಯ ಸ್ಥಿತಿಯನ್ನು ನೆಪಮಾಡಿ ಮಗುವಿಗೆ ಶಾಲೆ ನಿರಾಕರಿಸುವಂತಿಲ್ಲ ಎಂದು 1982ರಲ್ಲಿ ಟೆಕ್ಸಾಸಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿದೆ. ಕೆಲಸಕ್ಕೆ ಹೋದವರ ಕುಟುಂಬಕ್ಕೆ ಸಿಗುವ ಎಚ್-4, ಎಲ್-2 ವೀಸಾದ ಮಕ್ಕಳು ಯಾವ ಅಡ್ಡಿಯೂ ಇಲ್ಲದೆ ಇಲ್ಲಿ ಓದಬಹುದು. ನಮ್ಮ ವರ್ಷ ಜೂನಿಗೆ ಶುರುವಾದರೆ ಅವರದು ಆಗಸ್ಟ್ ಅಥವಾ ಸೆಪ್ಟೆಂಬರಿಗೆ ಶುರುವಾಗುತ್ತದೆ. ಆದ್ದರಿಂದ ವರ್ಷದ ನಡುವೆ ಸೇರಬೇಕಾದ ನಮ್ಮ ಮಕ್ಕಳಿಗೆ ಯಾವ ದಿನವೂ ಮುಚ್ಚದ ಈ ಬಾಗಿಲು ದೊಡ್ಡ ಆಸರೆ.

ಮ್ಯಾಗ್ನೆಟ್ ಶಾಲೆಗಳು ಡಿಸ್ಟ್ರಿಕ್ಟಿನವೇ. ವಿಜ್ಞಾನ, ಕಲೆ, ಭಾಷೆ ಹೀಗೆ ಒಂದು ವಿಷಯಕ್ಕೆ ಒತ್ತು ಕೊಡುತ್ತವೆ. ಕೆಲವು ಲಾಟರಿಯಿಂದ, ಕೆಲವು ಅಂಕ ಮತ್ತು ಅರ್ಹತೆಯಿಂದ ಸೇರಿಸಿಕೊಳ್ಳುತ್ತವೆ. ಅರ್ಜಿಯ ಕಾಲ ಸಾಮಾನ್ಯವಾಗಿ ಹಿಂದಿನ ಚಳಿಗಾಲದಲ್ಲೇ ಮುಗಿದಿರುತ್ತದೆ, ಆದ್ದರಿಂದ ಮೊದಲ ವರ್ಷ ಇವುಗಳ ಆಸೆ ಬಿಡಿ. ಹೈಸ್ಕೂಲಿನ ಮಕ್ಕಳಿರುವವರು ವರ್ಜೀನಿಯದ ಥಾಮಸ್ ಜೆಫರ್ಸನ್ ಹೈಸ್ಕೂಲಿನ ಹೆಸರು ಕೇಳಿರುತ್ತಾರೆ. ಆ ಶಾಲೆ 2020ರಲ್ಲಿ ಪ್ರವೇಶ ಪರೀಕ್ಷೆ ಕೈಬಿಟ್ಟು ಹೊಸ ಪದ್ಧತಿ ತಂದಾಗ, ಏಷ್ಯನ್ ಪಾಲಕರು ಮುಂದಾಗಿ ಕೋರ್ಟಿಗೆ ಹೋದರು. 2024ರಲ್ಲಿ ಸುಪ್ರೀಂ ಕೋರ್ಟು ಅದರಲ್ಲಿ ಕೈಹಾಕಲು ಒಪ್ಪಲಿಲ್ಲ. ಪ್ರವೇಶ ಪರೀಕ್ಷೆಯನ್ನೇ ನಂಬಿ ಬೆಳೆದ ನಮಗೆ ಈ ವಾದದ ಎರಡು ಬದಿಗಳನ್ನೂ ತಾಳ್ಮೆಯಿಂದ ಕೇಳುವುದು ಕಷ್ಟ, ಆದರೂ ಕೇಳಬೇಕು.

ಚಾರ್ಟರ್ ಶಾಲೆ ಎಂದರೆ ಸಾರ್ವಜನಿಕ ಹಣದಿಂದ, ಒಂದು ಒಪ್ಪಂದದ ಮೇಲೆ, ಡಿಸ್ಟ್ರಿಕ್ಟಿನ ಆಡಳಿತದ ಹೊರಗೆ ನಡೆಯುವ ಶಾಲೆ. ಶುಲ್ಕವಿಲ್ಲ, ಅರ್ಜಿಗಳು ಜಾಗಕ್ಕಿಂತ ಹೆಚ್ಚಾದರೆ ಲಾಟರಿ. ವಿಶೇಷ ಅಗತ್ಯಗಳ ಮಕ್ಕಳ ಕುರಿತ ಕೇಂದ್ರ ಕಾಯಿದೆ ಇವುಗಳಿಗೂ ಅನ್ವಯಿಸುತ್ತದೆ. ಈ ಕಲ್ಪನೆಯನ್ನು 1988ರಲ್ಲಿ ಜನರ ಮುಂದಿಟ್ಟವರಲ್ಲಿ ಶಿಕ್ಷಕರ ಸಂಘದ ಅಧ್ಯಕ್ಷರಾಗಿದ್ದ ಆಲ್ಬರ್ಟ್ ಶಾಂಕರ್ ಪ್ರಮುಖರು ಎಂಬುದನ್ನು ಈಗ ಅನೇಕರು ಮರೆತಿದ್ದಾರೆ. ಮೊದಲ ಕಾಯಿದೆ 1991ರಲ್ಲಿ ಮಿನೆಸೋಟದಲ್ಲಿ ಬಂತು. ಗುಣಮಟ್ಟದ ಮಾತಿಗೆ ಬಂದರೆ, ಸ್ಟ್ಯಾನ್‌ಫರ್ಡಿನ ಕ್ರೆಡೊ ಸಂಸ್ಥೆ 2009ರಲ್ಲಿ ಅಳೆದಾಗ ಗಣಿತದಲ್ಲಿ ಹೋಲಿಕೆಯ ಸಾರ್ವಜನಿಕ ಶಾಲೆಗಳಿಗಿಂತ ಮೇಲಿದ್ದವು ಶೇ. 17, ಕೆಳಗಿದ್ದವು ಶೇ. 37. ಅದೇ ಸಂಸ್ಥೆಯ 2023ರ ವರದಿಯಲ್ಲಿ ಚಾರ್ಟರ್ ಮಕ್ಕಳು ಒಟ್ಟಾರೆ ಸ್ವಲ್ಪ ಮುಂದಿದ್ದರು, ಆದರೆ ಆನ್‌ಲೈನಿನಲ್ಲೇ ನಡೆಯುವ ಚಾರ್ಟರ್‌ಗಳಲ್ಲಿ ಬಹಳ ಹಿಂದಿದ್ದರು. ಅಂದರೆ ಚಾರ್ಟರ್ ಎಂಬ ಹೆಸರು ಏನನ್ನೂ ಖಾತರಿಪಡಿಸುವುದಿಲ್ಲ. ಆ ಒಂದು ಶಾಲೆಗೆ ಹೋಗಿ, ವರ್ಷದ ನಡುವೆ ಎಷ್ಟು ಮಕ್ಕಳು ಶಾಲೆ ಬಿಟ್ಟರು, ಎಷ್ಟು ಶಿಕ್ಷಕರು ಬದಲಾದರು ಎಂದು ಕೇಳಿ. ಶಾಲಾಬಸ್ಸು ಇಲ್ಲದ ಚಾರ್ಟರ್‌ಗಳು ಬಹಳ. ಇನ್ನೂ ಕಾರು ಓಡಿಸಲು ಕಲಿಯದ ತಾಯಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ವೌಚರ್ ಮತ್ತು ಅದರ ಹೊಸ ರೂಪವಾದ ಶಿಕ್ಷಣ ಉಳಿತಾಯ ಖಾತೆ. ಮಗುವಿನ ಹೆಸರಿನಲ್ಲಿ ಸರಕಾರದ ಹಣ ಖಾಸಗಿ ಶಾಲೆಗೆ ಹೋಗುವ ಏರ್ಪಾಟು ಇದು. ಖಾತೆಯಾದರೆ ಪುಸ್ತಕ, ಟ್ಯೂಷನ್‌ಗಳಿಗೂ ಬಳಸಬಹುದು. ಅನೇಕ ರಾಜ್ಯಗಳಲ್ಲಿ ಖಾಸಗಿ ಶಾಲೆ ತನ್ನ ನಿಯಮದಂತೆ ಮಗುವನ್ನು ಸೇರಿಸಿಕೊಳ್ಳಬಹುದು, ಬಿಡಬಹುದು. ಹಣ ಕೈಯಲ್ಲಿದ್ದರೂ ಸೀಟು ಸಿಗಬೇಕೆಂದಿಲ್ಲ, ಸಿಕ್ಕರೂ ಆ ಹಣಕ್ಕಿಂತ ಶುಲ್ಕ ಹೆಚ್ಚಿರಬಹುದು. ಕಲಿಕೆಯ ತೊಂದರೆ, ಆಟಿಸಂ, ಕಿವಿ ಕಣ್ಣಿನ ದೋಷ ಇರುವ ಮಕ್ಕಳ ಪಾಲಕರು ಇಲ್ಲಿ ಅತಿ ಎಚ್ಚರದಿಂದಿರಬೇಕು. ಸಾರ್ವಜನಿಕ ಶಾಲೆಯಲ್ಲಿ ಇಂಥ ಮಗುವಿಗೆ 1975ರ ಕೇಂದ್ರ ಕಾಯಿದೆಯಿಂದ ಬಂದ ಹಕ್ಕುಗಳಿವೆ: ಶಾಲೆಯೇ ತನ್ನ ಖರ್ಚಿನಲ್ಲಿ ಪರೀಕ್ಷಿಸಿ, ಐಇಪಿ ಎಂಬ ಬರಹದ ಯೋಜನೆ ಮಾಡಿ, ಅದರಂತೆ ಕಲಿಸಬೇಕು. ವೌಚರ್ ಹಿಡಿದು ಖಾಸಗಿ ಶಾಲೆಗೆ ಹೋದ ಮಗುವಿನ ಜತೆ ಆ ಹಕ್ಕುಗಳು ಪೂರ್ತಿಯಾಗಿ ಹೋಗುವುದಿಲ್ಲ. ಪುಣೆಯಲ್ಲಿ “ನಿಮ್ಮ ಮಗುವಿಗೆ ನಮ್ಮಲ್ಲಿ ಆಗುವುದಿಲ್ಲ” ಎಂಬ ಮಾತು ಕೇಳಿ ಶಾಲೆಯಿಂದ ಶಾಲೆಗೆ ಅಲೆದ ತಾಯಂದಿರನ್ನು ನಾನು ಕಂಡಿದ್ದೇನೆ; ಅವರಿಗೆ ನಾನು ಹೇಳುವುದು, ಅಲ್ಲಿಗೆ ಹೋದಮೇಲೆ ಸಾರ್ವಜನಿಕ ಶಾಲೆಯನ್ನು ಬಿಡಬೇಡಿ ಎಂದೇ.

ವಾದದ ಬೇರು ಎಲ್ಲಿದೆ

ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್ಮನ್ 1955ರಲ್ಲಿ ಒಂದು ಪ್ರಬಂಧ ಬರೆದರು. ಶಿಕ್ಷಣಕ್ಕೆ ಸರಕಾರ ಹಣ ಕೊಡಲಿ, ಆದರೆ ಶಾಲೆಗಳನ್ನು ಅದೇ ನಡೆಸಬೇಕೆಂದಿಲ್ಲ. ಪಾಲಕರ ಕೈಗೆ ಹಣ ಕೊಟ್ಟರೆ ಶಾಲೆಗಳು ತಾವಾಗಿ ಸುಧಾರಿಸುತ್ತವೆ ಎಂಬುದು ಅದರ ಸಾರ. ಅದಕ್ಕೆ ಒಂದು ವರ್ಷ ಮೊದಲಷ್ಟೇ, 1954ರಲ್ಲಿ, ಬಿಳಿಯ ಮತ್ತು ಕರಿಯ ಮಕ್ಕಳಿಗೆ ಬೇರೆ ಬೇರೆ ಶಾಲೆ ಇರಕೂಡದೆಂದು ಸುಪ್ರೀಂ ಕೋರ್ಟು ತೀರ್ಪಿತ್ತಿತ್ತು. ವರ್ಜೀನಿಯದ ಪ್ರಿನ್ಸ್ ಎಡ್ವರ್ಡ್ ಕೌಂಟಿ ಆ ತೀರ್ಪನ್ನು ಪಾಲಿಸುವ ಬದಲು 1959ರಲ್ಲಿ ತನ್ನ ಎಲ್ಲ ಸಾರ್ವಜನಿಕ ಶಾಲೆಗಳನ್ನೇ ಮುಚ್ಚಿತು. ಬಿಳಿಯ ಮಕ್ಕಳ ಖಾಸಗಿ ಶಾಲೆಗೆ ಸರಕಾರದ ಧನಸಹಾಯ ಹರಿದು ಬಂತು. 1964ರವರೆಗೆ ಅನೇಕ ಕರಿಯ ಮಕ್ಕಳಿಗೆ ಶಾಲೆಯೇ ಇರಲಿಲ್ಲ. ಶಾಲೆಯ ಆಯ್ಕೆ ಎಂಬ ಮಾತು ಕೇಳಿದೊಡನೆ ಅಮೆರಿಕದ ಹಲವರಿಗೆ ಏಕೆ ಕಸಿವಿಸಿಯಾಗುತ್ತದೆ ಎಂಬುದಕ್ಕೆ ಈ ಒಂದು ಊರಿನ ಕಥೆ ಸಾಕು.

ಇನ್ನೊಂದು ಬದಿಯೂ ಅಷ್ಟೇ ನಿಜ. 1990ರಲ್ಲಿ ಮಿಲ್ವಾಕಿ ನಗರದಲ್ಲಿ ಬಡ ಮಕ್ಕಳಿಗಾಗಿ ವೌಚರ್ ತಂದವರು ಪಾಲಿ ವಿಲಿಯಮ್ಸ್ ಎಂಬ ಕರಿಯ ಶಾಸಕಿ. ತಮ್ಮ ಕೇರಿಯ ಮಕ್ಕಳು ಸೋಲುತ್ತಿರುವ ಶಾಲೆಗಳಲ್ಲಿ ಸಿಕ್ಕಿಬಿದ್ದಿದ್ದಾರೆ, ಹಣವಿದ್ದವರಷ್ಟೇ ಊರು ಬದಲಾಯಿಸಿ ಒಳ್ಳೆಯ ಶಾಲೆ ಆರಿಸುತ್ತಿದ್ದಾರೆ ಎಂಬುದು ಅವರ ನೋವಾಗಿತ್ತು. ಡೆಮಾಕ್ರಟ್ ಪಕ್ಷದ ಅವರು ರಿಪಬ್ಲಿಕನ್ ಗವರ್ನರ್ ಜತೆ ಕೈಜೋಡಿಸಿದರು. 2002ರಲ್ಲಿ ಕ್ಲೀವ್‌ಲ್ಯಾಂಡಿನ ವೌಚರ್ ಪ್ರಕರಣದಲ್ಲಿ, ಧಾರ್ಮಿಕ ಶಾಲೆಗಳಿಗೆ ಹೋಗುವ ಹಣವೂ ಸಂವಿಧಾನಕ್ಕೆ ವಿರುದ್ಧವಲ್ಲವೆಂದು ಸುಪ್ರೀಂ ಕೋರ್ಟು 5–4ರಿಂದ ಹೇಳಿತು. ಬಡವರಿಗೆಂದು ಶುರುವಾದ ಕಲ್ಪನೆ ಬೆಳೆದು, 2022ರಲ್ಲಿ ಆರಿಜೋನದ ಉಳಿತಾಯ ಖಾತೆ ಯೋಜನೆ ಎಲ್ಲ ಮಕ್ಕಳಿಗೂ ತೆರೆದುಕೊಂಡಿತು. 2025ರಲ್ಲಿ ಟೆಕ್ಸಾಸು ನೂರು ಕೋಟಿ ಡಾಲರಿನ ಉಳಿತಾಯ ಖಾತೆ ಯೋಜನೆಗೆ ಸಹಿ ಹಾಕಿತು. ವಿರೋಧಿಗಳ ಪ್ರಶ್ನೆ ಇಲ್ಲಿ ಹರಿತವಾಗುತ್ತದೆ: ಈಗಾಗಲೇ ಖಾಸಗಿ ಶಾಲೆಯಲ್ಲಿ ಓದುವ ಉಳ್ಳವರ ಮಕ್ಕಳಿಗೂ ಈ ಹಣ ಹೋದರೆ, ಹಳ್ಳಿಯಲ್ಲಿ ಇರುವ ಒಂದೇ ಸಾರ್ವಜನಿಕ ಶಾಲೆಗೆ ಉಳಿಯುವುದೇನು?

ಮಹಾರಾಷ್ಟ್ರದಲ್ಲಿ ಬದುಕುವ ನಮಗೆ ಈ ವಾದ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಖಾಸಗಿ ಶಾಲೆಗಳ ಶೇ. 25 ಸೀಟುಗಳು ದುರ್ಬಲ ವರ್ಗದ ಮಕ್ಕಳಿಗೆ ಮೀಸಲು, ಶುಲ್ಕ ಸರಕಾರದ್ದು. 2024ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ, ಒಂದು ಕಿಲೋಮೀಟರಿನೊಳಗೆ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಆ ಖಾಸಗಿ ಶಾಲೆಗೆ ವಿನಾಯಿತಿ ಎಂದು ನಿಯಮ ತಿದ್ದಿತು, ಜುಲೈಯಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದುಗೊಳಿಸಿತು. ಕರ್ನಾಟಕ ಇಂಥದೇ ಬದಲಾವಣೆಯನ್ನು 2019ರಲ್ಲೇ ತಂದಿತ್ತು. ನಮ್ಮ ಈ ಮೀಸಲು ಸೀಟಿಗೂ ಅಲ್ಲಿನ ವೌಚರಿಗೂ ಒಂದು ದೊಡ್ಡ ವ್ಯತ್ಯಾಸವಿದೆ: ಇಲ್ಲಿ ಲಾಟರಿಯಲ್ಲಿ ಹೆಸರು ಬಂದ ಮಗುವನ್ನು ಶಾಲೆ ಪರೀಕ್ಷೆ ಮಾಡಿ ತಿರಸ್ಕರಿಸುವಂತಿಲ್ಲ. ಆರಿಸುವ ಅಧಿಕಾರ ಶಾಲೆಯಿಂದ ಕಾಯಿದೆಯ ಕೈಗೆ ಬಂದಿದೆ. ಸಾರ್ವಜನಿಕ ಹಣ ತೆಗೆದುಕೊಳ್ಳುವ ಶಾಲೆ ಮಗುವನ್ನು ಹೆಕ್ಕಿ ಆರಿಸುವುದು ನ್ಯಾಯವಲ್ಲವೆಂದು ನಾನು ನಂಬುತ್ತೇನೆ. 1848ರಲ್ಲಿ ಪುಣೆಯ ಭಿಡೆ ವಾಡೆಯಲ್ಲಿ ಫುಲೆ ದಂಪತಿಗಳು ಶಾಲೆ ತೆರೆದದ್ದು ಯಾವ ಶಾಲೆಯೂ ಆರಿಸದ ಹೆಣ್ಣುಮಕ್ಕಳಿಗಾಗಿ, ಅದೇ ಊರಿನಲ್ಲಿ ಕಲಿಸಿದವಳು ನಾನು.

ಕಾಗದಪತ್ರಗಳು

ಕಳೆದ ಚಳಿಗಾಲದ ಒಂದು ಭಾನುವಾರ ನನ್ನ ಮನೆಯ ಮೇಜಿನ ಮೇಲೆ ಆರು ವರ್ಷದ ಹುಡುಗನೊಬ್ಬನ ಲಸಿಕೆ ಪುಸ್ತಕ ಬಿಚ್ಚಿಟ್ಟಿದ್ದೆವು. ಅಂಚು ಸವೆದ ಹಳದಿ ಪುಸ್ತಕ, ಹುಬ್ಬಳ್ಳಿಯ ಆಸ್ಪತ್ರೆಯ ಮುದ್ರೆ ಅರ್ಧ ಅಳಿಸಿತ್ತು, ಒಂದು ಸಾಲಿನಲ್ಲಿ ದಿನಾಂಕ 5/8 ಎಂದಿತ್ತು. ನಮಗೆ ಅದು ಆಗಸ್ಟ್ 5. ತಿಂಗಳನ್ನು ಮೊದಲು ಬರೆಯುವ ಅಮೆರಿಕದ ಶಾಲಾ ನರ್ಸಿಗೆ ಅದು ಮೇ 8; ಎರಡು ಲಸಿಕೆಗಳ ನಡುವಿನ ಅಂತರ ಸಾಲದೆಂದು ಮತ್ತೆ ಚುಚ್ಚಿಸಿಕೊಂಡು ಬರಲು ಹೇಳಬಹುದು. ಆದ್ದರಿಂದ ಹೊರಡುವ ಮೊದಲೇ ನಿಮ್ಮ ಮಕ್ಕಳ ವೈದ್ಯರಿಂದ, ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದ, ಸಹಿ ಮತ್ತು ಮುದ್ರೆ ಇರುವ ಇಂಗ್ಲಿಷ್ ಪಟ್ಟಿ ಮಾಡಿಸಿಕೊಳ್ಳಿ. ನಮ್ಮ ಸರಕಾರಿ ಲಸಿಕೆ ಪಟ್ಟಿಯಲ್ಲಿ ದಡಾರ ಮತ್ತು ರುಬೆಲ್ಲಾ ಇವೆ, ಆದರೆ ಮಂಗನಬಾವು ಮತ್ತು ಸಿಡುಬಿನಂತೆ ಗುಳ್ಳೆ ಏಳುವ ಚಿಕನ್‌ಪಾಕ್ಸ್ ಇಲ್ಲ. ಅಲ್ಲಿನ ಶಾಲೆಗಳು ಇವೆರಡನ್ನೂ ಸಾಮಾನ್ಯವಾಗಿ ಕೇಳುತ್ತವೆ. ಇಲ್ಲಿಯೇ ಹಾಕಿಸಿ ಮುಗಿಸಿದರೆ ಖರ್ಚೂ ಕಡಿಮೆ, ಮಗು ಮೊದಲ ವಾರವೇ ತರಗತಿಯಲ್ಲಿ ಕೂರುತ್ತದೆ.

ಜನ್ಮ ದಾಖಲೆ, ಪಾಸ್‌ಪೋರ್ಟ್, ಎಲ್‌ಸಿ, ಕಳೆದ ಎರಡು ವರ್ಷಗಳ ಅಂಕಪಟ್ಟಿ ಇಷ್ಟು ಇಲ್ಲಿಂದ. ಬಾಡಿಗೆ ಕರಾರು ಮತ್ತು ನಿಮ್ಮ ಹೆಸರಿನ ಕರೆಂಟ್ ಬಿಲ್ಲು ಅಲ್ಲಿಂದ. ಎಲ್‌ಸಿ ಮರಾಠಿಯಲ್ಲಿದ್ದರೆ ಇಂಗ್ಲಿಷ್ ಪ್ರತಿ ಕೇಳಿ ಪಡೆಯಿರಿ.

ದಾಖಲಾತಿಯ ದಿನ ಕೊಡುವ ಕಾಗದಗಳಲ್ಲಿ ಮನೆಮಾತು ಯಾವುದೆಂದು ಕೇಳುವ ಒಂದು ಪುಟ ಇರುತ್ತದೆ. ಕನ್ನಡ ಎಂದು ಬರೆದರೆ ಮಗುವನ್ನು ಹಿಂದೆ ಹಾಕುತ್ತಾರೆಂಬ ಭಯದಿಂದ ಬಹಳ ಜನ ಇಂಗ್ಲಿಷ್ ಎಂದು ಬರೆಯುತ್ತಾರೆ. ಹಾಗೆ ಮಾಡಬೇಡಿ. ಕನ್ನಡ ಎಂದು ಬರೆದರೆ ಮಗುವಿಗೆ ಇಂಗ್ಲಿಷಿನ ಒಂದು ಪರೀಕ್ಷೆ ಕೊಡುತ್ತಾರೆ. ಚೆನ್ನಾಗಿ ಬಂದರೆ ವಿಷಯ ಅಲ್ಲಿಗೇ ಮುಗಿಯಿತು, ಬರದಿದ್ದರೆ ಖರ್ಚಿಲ್ಲದೆ ನೆರವು ಸಿಗುತ್ತದೆ, ಆ ನೆರವು ಬೇಡವೆನ್ನುವ ಹಕ್ಕೂ ಪಾಲಕರಿಗಿದೆ. ಇಂಗ್ಲಿಷ್ ತಿಳಿಯದ ಮಕ್ಕಳನ್ನು ನೆರವಿಲ್ಲದೆ ತರಗತಿಯಲ್ಲಿ ಕೂರಿಸುವುದು ತಾರತಮ್ಯವೆಂದು 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಕುಟುಂಬಗಳು ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದರಿಂದ ಈ ವ್ಯವಸ್ಥೆ ಗಟ್ಟಿಯಾಯಿತು. ನಮ್ಮ ಮಕ್ಕಳಿಗೆ ದೊರಕಿದ ಈ ಸವಲತ್ತಿನ ಹಿಂದೆ ಬೇರೆಯವರ ಹೋರಾಟವಿದೆ.

ಸೇರಿದ ಮೇಲೆ

ಸ್ಕೂಲ್ ಬೋರ್ಡಿನ ಸಭೆಗಳು ಎಲ್ಲರಿಗೂ ತೆರೆದಿರುತ್ತವೆ. ಸಾಮಾನ್ಯವಾಗಿ ಮೊದಲೇ ಹೆಸರು ಕೊಟ್ಟವರಿಗೆ ಎರಡೋ ಮೂರೋ ನಿಮಿಷ ಮಾತಾಡಲು ಬಿಡುತ್ತಾರೆ, ಅದಕ್ಕೆ ಪೌರತ್ವ ಬೇಕಿಲ್ಲ. ಗಡಿ ಬದಲಾವಣೆ, ಗಣಿತದ ಹಂತಗಳು, ಗ್ರಂಥಾಲಯದ ಪುಸ್ತಕಗಳು ಎಲ್ಲವೂ ಚರ್ಚೆಯಾಗುವುದು ಅಲ್ಲಿಯೇ. ಸ್ಯಾನ್ ಫ್ರಾನ್ಸಿಸ್ಕೊ 2014ರಲ್ಲಿ ಎಂಟನೆಯ ತರಗತಿಯಿಂದ ಬೀಜಗಣಿತ ತೆಗೆದುಹಾಕಿತ್ತು. ಪಾಲಕರು ವರ್ಷಗಟ್ಟಲೆ ಸಭೆಗಳಿಗೆ ಹೋಗಿ ಕೇಳಿದ ಮೇಲೆ 2024ರಲ್ಲಿ ಅದನ್ನು ಮರಳಿ ತರಲು ಮಂಡಳಿ ಒಪ್ಪಿತು. ಎರಡೇ ವರ್ಷ ಇರುತ್ತೇವೆ, ನಮಗೇಕೆ ಎನ್ನಬೇಡಿ. ವರ್ಷಕ್ಕೆ ಒಂದು ಸಭೆಗಾದರೂ ಹೋಗಿ, ಮಾತಾಡದಿದ್ದರೂ ಹಿಂದಿನ ಸಾಲಿನಲ್ಲಿ ಕುಳಿತು ಕೇಳಿ. ನಿಮ್ಮ ಮಗುವಿನ ಶಾಲೆಯ ಬಗ್ಗೆ ಯಾವ ಜಾಲತಾಣವೂ ಹೇಳದ ಸಂಗತಿಗಳು ಆ ಒಂದು ಸಂಜೆಯಲ್ಲಿ ತಿಳಿಯುತ್ತವೆ.

ಮರಳಿ ಪುಣೆಗೆ ಬರುವವರು ಅಲ್ಲಿನ ಶಾಲೆಯಿಂದ ಪ್ರತಿ ವರ್ಷದ ಅಂಕಪಟ್ಟಿ, ಹಾಜರಾತಿ ದಾಖಲೆ ಮತ್ತು ತರಗತಿ ಮುಗಿಸಿದ ಪತ್ರವನ್ನು ಶಾಲೆಯ ಮುದ್ರೆಯೊಂದಿಗೆ, ಬೇಸಿಗೆ ರಜೆಗೆ ಕಚೇರಿ ಮುಚ್ಚುವ ಮೊದಲೇ ಕೇಳಿ ಪಡೆಯಬೇಕು. 2020ರ ಕಾಯಿದೆಯಿಂದ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯವಾಗಿದೆ. ಆದ್ದರಿಂದ ಕನ್ನಡದ ಪುಸ್ತಕಗಳ ಜತೆ ಮರಾಠಿಯ ಒಂದು ಬಾಲಭಾರತಿ ಪಠ್ಯಪುಸ್ತಕವನ್ನೂ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗಿ, ವಾರಕ್ಕೆ ಎರಡು ದಿನ ಮಗುವಿನಿಂದ ಓದಿಸಿ.